ಕರ್ತೃಪದವಿಲ್ಲದ ವಾಕ್ಯಗಳು

ಅಂತರರಾಷ್ಟ್ರೀಯ ಭದ್ರತೆ, ಶಾಂತಿಸ್ಥಾಪನೆ, ಸಂಘರ್ಷ ನಿವಾರಣೆ ಎಂಬಿವೇ ವಿಷಯಗಳಾಗಿ ಸಂಶೋಧನೆ ನಡೆಸುವ ಸಂಸ್ಥೆಗಳು ಇಂದು ಜಗತ್ತಿನಲ್ಲಿ ಹೇರಳವಾಗಿವೆ. ಅವುಗಳ ವರದಿಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಎದುರಾಗುತ್ತದೆ: ರಾಜಕೀಯ ಇಚ್ಛಾಶಕ್ತಿಯ ಅಭಾವದಿಂದ ಕ್ರಮ ಕೈಗೊಳ್ಳಲಾಗಲಿಲ್ಲವೆಂಬುದು. ವ್ಯಾಕರಣ ಬಲ್ಲವರು ಈ ವಾಕ್ಯದಲ್ಲಿ ಕರ್ತೃಪದ ಎಲ್ಲಿದೆಯೆಂದು ಹುಡುಕಲಿ. ಯಾರ ಇಚ್ಛೆ? ಯಾರಲ್ಲಿ ಅಭಾವ? ಕೊಲೆಯಾದ ಮನೆಯ ಮುಂದೆ ನಿಂತು ‘ಬಾಗಿಲು ತೆರೆಯಲ್ಪಟ್ಟಿತ್ತು’ ಎಂದಷ್ಟೇ ಬರೆದುಕೊಂಡು ಹೋಗುವ ಪೋಲೀಸನನ್ನು ನಾವು ಒಪ್ಪುವೆವೇ?

ಮುನ್ಸೂಚನೆ ದೊರೆಯದೆ ಅನಾಹುತಗಳಾಗುತ್ತವೆ, ಆದುದರಿಂದ ಇನ್ನಷ್ಟು ಸಂಶೋಧನೆ ಬೇಕು ಎಂಬುದು ಈ ಪಂಡಿತರ ವಾದ. 1994ರ ಜನವರಿ 11ರಂದು ರುವಾಂಡದಲ್ಲಿದ್ದ ವಿಶ್ವಸಂಸ್ಥೆಯ ಪಡೆಯ ದಂಡನಾಯಕ, ಕೆನಡದ ರೋಮಿಯೋ ಡಲೇರ್, ನ್ಯೂಯಾರ್ಕಿಗೆ ತುರ್ತುಸಂದೇಶ ಕಳುಹಿಸಿದರು. ಶಸ್ತ್ರಗಳನ್ನು ಬಚ್ಚಿಡಲಾಗಿದೆ, ರಾಜಧಾನಿಯ ಟುಟ್ಸಿ ಜನರ ಪಟ್ಟಿ ಸಿದ್ಧವಾಗುತ್ತಿದೆ, ಅದು ಅವರನ್ನು ನಿರ್ನಾಮ ಮಾಡುವುದಕ್ಕೇ ಎಂಬ ಶಂಕೆಯನ್ನು ಒಳಗಿನವನೊಬ್ಬ ತಿಳಿಸಿದ್ದಾನೆ, ಶಸ್ತ್ರಗಳನ್ನು ವಶಪಡಿಸಿಕೊಳ್ಳುವೆನು ಎಂಬುದು ಅದರ ಸಾರ. ಇದಕ್ಕಿಂತ ಸ್ಪಷ್ಟವಾದ ಮುನ್ಸೂಚನೆ ಇನ್ನಾವುದಿದೆ? ಬೇಡ, ರಾಷ್ಟ್ರಾಧ್ಯಕ್ಷರಿಗೆ ತಿಳಿಸಿರಿ ಎಂಬ ಉತ್ತರ ಬಂದಿತು. ಯಾರ ಪಕ್ಷಕ್ಕೆ ಸೇರಿದ ತಂಡ ಶಸ್ತ್ರ ಕೂಡಿಟ್ಟಿತ್ತೋ ಆ ಅಧ್ಯಕ್ಷರಿಗೆ! ಏಪ್ರಿಲ್ 7ರಿಂದ ಸುಮಾರು ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಹತರಾದರು. ಕೊಲೆ ನಡೆಯುತ್ತಿದ್ದಾಗಲೇ, ಏಪ್ರಿಲ್ 21ರಂದು, ಭದ್ರತಾಮಂಡಲಿ ಆ ಪಡೆಯನ್ನು 270 ಜನರಿಗೆ ಇಳಿಸಲು ಸರ್ವಾನುಮತದಿಂದ ನಿರ್ಣಯಿಸಿತು. ಆ ವರ್ಷ ರುವಾಂಡವೂ ಮಂಡಲಿಯ ಸದಸ್ಯರಾಷ್ಟ್ರವಾಗಿತ್ತು. ಕೊಲ್ಲಿಸುತ್ತಿದ್ದ ಸರಕಾರದ ಪ್ರತಿನಿಧಿಯೂ ಅಲ್ಲಿ ಕೈಯೆತ್ತಿದನೆಂಬುದನ್ನು ವಾಚಕರು ಗಮನಿಸಬೇಕು.

ನಿವಾರಣೆ ಸಾಧ್ಯವೇ ಇಲ್ಲವೆನ್ನುವವರು ಯುಗೋಸ್ಲಾವಿಯ ಒಡೆದ ಕಾಲದ ಮ್ಯಾಸಿಡೋನಿಯವನ್ನು ನೋಡಬೇಕು. ಬೋಸ್ನಿಯ ಉರಿಯುತ್ತಿತ್ತು. ಆ ಬೆಂಕಿ ತನ್ನ ನಾಡಿಗೂ ಹಬ್ಬೀತೆಂದು ಅಧ್ಯಕ್ಷ ಕಿರೋ ಗ್ಲಿಗೊರೋವ್ ಮುಂಚಿತವಾಗಿಯೇ ರಕ್ಷಣೆ ಬೇಡಿದರು. 1992ರ ಡಿಸೆಂಬರ್ 11ರಂದು ಮಂಡಲಿ ಒಪ್ಪಿತು. (ಆಗ ಯುಗೋಸ್ಲಾವಿಯದಲ್ಲಿದ್ದ ವಿಶ್ವಸಂಸ್ಥೆಯ ಪಡೆಗಳ ದಂಡನಾಯಕರು ನಮ್ಮ ಭಾರತೀಯ ಸೇನೆಯ ಸತೀಶ್ ನಂಬಿಯಾರ್.) ಯುದ್ಧ ಹತ್ತುವ ಮೊದಲೇ ಶಾಂತಿಪಡೆ ಹೋದುದು ಅದೇ ಪ್ರಥಮ. ಸುಮಾರು ಸಾವಿರ ಸೈನಿಕರು ಗಡಿಯ ಕಾವಲುಗೋಪುರಗಳಲ್ಲಿ ಕುಳಿತು ನೋಡಿದರು, ಬರೆದರು, ವರದಿ ಮಾಡಿದರು. ಯುದ್ಧ ಬರಲಿಲ್ಲ. ಬಾರದ ಯುದ್ಧಕ್ಕೆ ವೃತ್ತಪತ್ರಿಕೆಗಳಲ್ಲಿ ಸ್ಥಳವಿಲ್ಲವಾದುದರಿಂದ ಈ ಸಂಗತಿ ಹೆಚ್ಚು ಜನಕ್ಕೆ ತಿಳಿಯದು.

ಅಂಥ ಪಡೆ ಮುಗಿದದ್ದು ಹೇಗೆ? 1999ರ ಜನವರಿಯಲ್ಲಿ ಮ್ಯಾಸಿಡೋನಿಯ ತೈವಾನಿಗೆ ಮಾನ್ಯತೆ ಕೊಟ್ಟಿತು. ಫೆಬ್ರವರಿ 25ರಂದು ಪಡೆಯ ಅವಧಿಯನ್ನು ಮುಂದುವರಿಸುವ ನಿರ್ಣಯಕ್ಕೆ 13 ಮತಗಳು ಬಂದವು, ರಷ್ಯ ತಟಸ್ಥವಾಯಿತು, ಚೀನ ವೀಟೋ ಹಾಕಿತು. ಅಲ್ಲಿ ಈಗ ಶಾಂತಿಯಿದೆಯಾದುದರಿಂದ ಪಡೆ ಬೇಕಿಲ್ಲವೆಂಬುದು ಅದರ ಸಬೂಬು. ವೈದ್ಯನಿಂದಾಗಿ ಜ್ವರ ಇಳಿದಿದೆ, ಆದುದರಿಂದ ವೈದ್ಯನನ್ನು ಹೊರಗೆ ಹಾಕಿರಿ! ಒಂದೇ ತಿಂಗಳಲ್ಲಿ ಪಕ್ಕದ ಕೊಸೊವೊ ಯುದ್ಧ ಉಲ್ಬಣಿಸಿ ಮೂರು ಲಕ್ಷಕ್ಕೂ ಮಿಕ್ಕ ನಿರಾಶ್ರಿತರು ಗಡಿ ದಾಟಿ ಬಂದರು. 2001ರಲ್ಲಿ ಮ್ಯಾಸಿಡೋನಿಯದ ಒಳಗೇ ಸಶಸ್ತ್ರ ಕಲಹ ಎದ್ದಿತು. ಪಡೆ ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತೆಂದು ನಾವು ಪ್ರಮಾಣ ಮಾಡಲಾರೆವು. ಆದರೆ ಇಲ್ಲಿ ಕರ್ತೃಪದ ಸ್ಪಷ್ಟವಾಗಿದೆ. ಬೇಡವೆಂದವರ ಹೆಸರು, ದಿನಾಂಕ, ಲೋಕವೆಲ್ಲ ಊಹಿಸಿದ ಕಾರಣ, ಎಲ್ಲವೂ ಗೊತ್ತು. ಮತ ಬಹಿರಂಗವಾಗಿ ನಡೆದುದರಿಂದ ಮಾತ್ರ ಗೊತ್ತು. ಮಂಡಲಿಯ ಅನೌಪಚಾರಿಕ ಸಮಾಲೋಚನೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ಅವುಗಳಿಗೆ ಅಧಿಕೃತ ದಾಖಲೆಯಿಲ್ಲ. ಎಷ್ಟೋ ‘ಬೇಡ’ಗಳು ಹುಟ್ಟುವುದೂ ಸಾಯುವುದೂ ಅಲ್ಲಿಯೇ.

ಸರಕಾರಗಳ ಹಣದಿಂದ ನಡೆಯುವ ಸಂಸ್ಥೆಗಳು ಸರಕಾರಗಳ ಹೆಸರು ಹೇಳಲಾದೀತೇ ಎಂದು ಕೇಳುವವರುಂಟು. 1966ರಲ್ಲಿ ಸ್ಥಾಪಿತವಾದ ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಸ್ವೀಡನ್ ಸರಕಾರದ ನೆರವು ಪಡೆದೂ, ಯಾರು ಯಾರಿಗೆ ಶಸ್ತ್ರ ಮಾರಿದರೆಂಬುದನ್ನು ವರ್ಷವರ್ಷವೂ ಹೆಸರುಸಹಿತ ಪ್ರಕಟಿಸುತ್ತದೆ. ವೀಟೋ ಹಕ್ಕುಳ್ಳ ಅಮೆರಿಕ, ಫ್ರಾನ್ಸ್, ರಷ್ಯ, ಚೀನಗಳು ಅದರ ಮಾರಾಟಗಾರರ ಪಟ್ಟಿಯಲ್ಲಿ ಮುಂಚೂಣಿಯಲ್ಲಿವೆ. 2024ರಲ್ಲಿ ಲೋಕದ ಸೇನಾವೆಚ್ಚ 2.7 ಲಕ್ಷ ಕೋಟಿ ಡಾಲರು ಎಂಬ ಲೆಕ್ಕವೂ ಅದರದೇ. ವಿಶ್ವಸಂಸ್ಥೆಯ ಶಾಂತಿಪಾಲನೆಯ ವಾರ್ಷಿಕ ಆಯವ್ಯಯ ಅದರ ನಾನೂರರಲ್ಲಿ ಒಂದು ಪಾಲೂ ಇಲ್ಲ. ಮಾರಿದವರ ಹೆಸರು ಬರೆಯಲು ಬಂದ ಲೇಖನಿಗೆ ತಡೆದವರ ಹೆಸರು ಬರೆಯಲು ಏಕೆ ಬಾರದು? ಇಂತಹ ದಿನ, ಇಂತಹ ರಾಷ್ಟ್ರ, ಇಂತಹ ಪಡೆಯನ್ನು ಬೇಡವೆಂದಿತು ಎಂಬ ಪಟ್ಟಿಯೊಂದು ಶಸ್ತ್ರವ್ಯಾಪಾರದ ಪಟ್ಟಿಯ ಪಕ್ಕದಲ್ಲಿ ವರ್ಷವರ್ಷವೂ ಅಚ್ಚಾಗಲಿ. ಅಲ್ಲಿಯವರೆಗೆ ‘ಇಚ್ಛಾಶಕ್ತಿಯ ಅಭಾವ’ ಎಂಬ ಮಾತನ್ನು ವರದಿಗಳಿಂದ ತೆಗೆದುಹಾಕಲಿ.