ಎಲೆ ಮುರಿಯುವವನಿಗೆ ಬರೀ 'ಸಿಗರೇಟು ಬಿಡು' ಅಂದರೆ ಸಾಕಾ?

ಅಮೆರಿಕದಲ್ಲಿ ಅತಿ ಹೆಚ್ಚು ಹೊಗೆಸೊಪ್ಪು ಬೆಳೆಯೋ ರಾಜ್ಯ ನಾರ್ತ್ ಕೆರೊಲಿನಾ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್‌ನಲ್ಲಿ ಹದ ಮಾಡೋ ಅದೇ ವರ್ಜೀನಿಯಾ ತಂಬಾಕು. ಅಲ್ಲಿ ಎಲೆ ಮುರಿಯುವವರಲ್ಲಿ ಬಹುಪಾಲು ಮೆಕ್ಸಿಕೊ ಕಡೆಯ, ಸ್ಪ್ಯಾನಿಷ್ ಮಾತಾಡೋ ಲ್ಯಾಟಿನೊ ಕೂಲಿಕಾರರು. ಎಷ್ಟೋ ಜನ ಹಂಗಾಮಿ ವೀಸಾದಲ್ಲಿ ಬಂದು, ಕಟಾವು ಮುಗಿಸಿ ಊರಿಗೆ ಹೋಗ್ತಾರೆ. ಇವರಲ್ಲಿ ತಂಬಾಕು ಬಳಕೆ ಕಡಿಮೆ ಮಾಡೋಕೆ ನಡೆದಿರೋ ಕೆಲಸದ ಬಗ್ಗೆ ಓದ್ತಾ ಓದ್ತಾ ನನ್ನ ಅಭಿಪ್ರಾಯವೇ ಬದಲಾಯ್ತು. ಪ್ಯಾಕೆಟ್ ಮೇಲೆ ಕ್ಯಾನ್ಸರ್ ಚಿತ್ರ ಹಾಕಿದರೆ ಮುಗೀತು ಅಂದುಕೊಂಡಿದ್ದವನು ನಾನು.

ಇಬ್ಬನಿ, ಮಳೆ ಬಿದ್ದ ಎಲೆಯನ್ನು ಕಂಕುಳಲ್ಲಿ ಅವುಚಿಕೊಂಡಾಗ ನಿಕೋಟಿನ್ ನೀರಿನ ಜೊತೆ ಚರ್ಮದ ಮೂಲಕವೇ ಮೈಗೆ ಇಳಿಯುತ್ತೆ. ತಲೆಸುತ್ತು, ತಲೆನೋವು, ವಾಂತಿ. ಬಿಸಿಲಿನ ಝಳ ಅಂತ ಸುಮ್ಮನಾಗಿಬಿಡ್ತಾರೆ. ವಿಚಿತ್ರ ಏನಂದ್ರೆ, ಸಿಗರೇಟು ಸೇದುವ ಕೂಲಿಕಾರರಲ್ಲಿ ಈ ಕಾಯಿಲೆ ಕಡಿಮೆ ಅಂತ ಅಲ್ಲಿನ ಅಧ್ಯಯನಗಳು ಹೇಳಿವೆ. ಅವರ ಮೈ ನಿಕೋಟಿನ್‌ಗೆ ಮೊದಲೇ ಒಗ್ಗಿರುತ್ತೆ. ಹಾಗಂತ ಸಿಗರೇಟು ಔಷಧಿ ಅಲ್ಲ ಸ್ವಾಮಿ! ಆದರೆ ಕೈಗವಸು ಕೊಡದೆ, ಎಲೆ ಒಣಗೋವರೆಗೂ ಕಾಯದೆ, ಆ ಮನುಷ್ಯನಿಗೆ 'ಚಟ ಬಿಡು' ಅಂದರೆ ಅವನು ಯಾಕೆ ಕೇಳ್ತಾನೆ?

ಅಲ್ಲಿ ಮಾತು ನಾಟೋದು 'ಪ್ರೊಮೊತೋರಾ'ಗಳಿಂದ. ಇವರು ಡಾಕ್ಟರಲ್ಲ, ಅದೇ ಸಮುದಾಯದ, ತರಬೇತಿ ಪಡೆದ ಹೆಂಗಸರು, ಗಂಡಸರು. ಕೂಲಿಕಾರರು ಇರೋ ಜಾಗಕ್ಕೇ ಹೋಗಿ, ಅವರದೇ ಭಾಷೆಯಲ್ಲಿ ಮಾತಾಡ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಂತೂ ಚಟ ಬಿಡಿಸೋ ಫೋನ್ ಸಹಾಯವಾಣಿ 1992ರಿಂದಲೇ ಸ್ಪ್ಯಾನಿಷ್‌ನಲ್ಲೂ ಇದೆ.

ಇನ್ನೊಂದು ಕಡೆ ಕಾನೂನಿನ ಹೋರಾಟ. 2014ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ತಂಬಾಕು ಹೊಲಗಳಲ್ಲಿ ದುಡಿದ 141 ಮಕ್ಕಳನ್ನು ಮಾತಾಡಿಸಿ ವರದಿ ತಂತು. ಹೆಚ್ಚಿನವರು ಲ್ಯಾಟಿನೊ ಮಕ್ಕಳೇ. ಅಮೆರಿಕದಲ್ಲಿ ಸಿಗರೇಟು ಕೊಳ್ಳೋಕೆ 21 ವರ್ಷ ಆಗಿರಬೇಕು. ಅಪ್ಪ ಅಮ್ಮ ಒಪ್ಪಿದರೆ ತಂಬಾಕು ಹೊಲದ ಕೂಲಿಗೆ 12 ಸಾಕು! ಇದನ್ನು ಬದಲಾಯಿಸದೆ ಶಾಲೆಯಲ್ಲಿ ತಂಬಾಕು ವಿರೋಧಿ ಭಾಷಣ ಮಾಡೋದು ನನಗಂತೂ ನಾಟಕ ಅನ್ಸುತ್ತೆ.

ನಾನು ತಂಬಾಕು ಬೆಳೆಯೋನಲ್ಲ, ಸಾವಯವ ತರಕಾರಿಯವನು. 'ನಿನಗೇನು ಗೊತ್ತು' ಅಂತ ಕೇಳಿದರೆ ತಪ್ಪಿಲ್ಲ. ಆದರೂ ನಿಮ್ಮ ಹೊಲದಲ್ಲಿ ಎಲೆ ಮುರಿಯೋರು ಇದ್ದರೆ ಇಬ್ಬನಿ ಆರಿದ ಮೇಲೆ ಇಳಿಸಿ, ಕೈಗವಸು, ತುಂಬುತೋಳಿನ ಅಂಗಿ ಕೊಡಿ, ಬಟ್ಟೆ ಒದ್ದೆಯಾದರೆ ಬದಲಾಯಿಸೋಕೆ ಬಿಡಿ, ಕೈ ತೊಳೆಯೋಕೆ ಸೋಪು, ನೀರು ಇಡಿ. ಬೀಡಿ, ಸಿಗರೇಟು ಬಿಡಬೇಕು ಅನ್ನೋರಿಗೆ ರಾಷ್ಟ್ರೀಯ ಸಹಾಯವಾಣಿ ಇದೆ, ಉಚಿತ: 1800-11-2356. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿ ಕೈತೊಳೆದುಕೊಳ್ಳಬೇಡಿ. ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂತು, ನಿಮ್ಮ ಫೋನಿಂದಲೇ ಹಚ್ಚಿ ಕೊಡಿ.