ತಿದ್ದುಪಡಿಗೆ ಕಲೆಯೆಂಬ ಕಿರೀಟವೇಕೆ?

೨೦೧೯ರಲ್ಲಿ ಇಟಲಿಯ ಬೊಲೋನ್ಯಾ ನಗರದ ನ್ಯಾಯಾಲಯವು ಫೆರಾರಿ ೨೫೦ ಜಿಟಿಓ ಎಂಬ ಪಂದ್ಯದ ಕಾರನ್ನು ಕಲಾಕೃತಿಯೆಂದು ಮಾನ್ಯಮಾಡಿ, ಅನ್ಯರು ಅದರ ಪ್ರತಿರೂಪಗಳನ್ನು ತಯಾರಿಸದಂತೆ ತಡೆಯಿತು. ಒಬ್ಬರ ಶ್ರಮವನ್ನು ಮತ್ತೊಬ್ಬರು ಕದ್ದು ಮಾರಬಾರದೆಂಬುದು ನನಗೂ ಒಪ್ಪಿಗೆಯೇ. ಆದರೆ 'ಕಲಾಕೃತಿ' ಎಂಬ ಬಿರುದನ್ನು ಮಾತ್ರ ನಾನು ಒಪ್ಪಲಾರೆ. ಗೌರವಿಸುವ ಭರದಲ್ಲಿ ಅದು ಈ ಕಾರಿನ ನಿಜವಾದ ಹಿರಿಮೆಯನ್ನೇ ಮರೆಮಾಚುತ್ತದೆ.

ಕಲಾಕೃತಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದೇನು? ಒಬ್ಬ ಪ್ರತಿಭಾವಂತ ಕಂಡ ಕನಸು. ಒಮ್ಮೆ ಪೂರ್ಣಗೊಂಡ ಮೇಲೆ ಯಾರೂ ಕೈಹಚ್ಚಬಾರದ ರೂಪ. ಜಿಟಿಓದ ಚರಿತ್ರೆ ಈ ಕಲ್ಪನೆಗೆ ಹೆಜ್ಜೆಹೆಜ್ಜೆಗೂ ವಿರುದ್ಧವಾಗಿದೆ.

ಅದರ ಹುಟ್ಟಿಗೆ ಕಾರಣ ಸೌಂದರ್ಯದ ಹಂಬಲವಲ್ಲ, ಸೋಲಿನ ಭೀತಿ. ೧೯೬೧ರಲ್ಲಿ ಬ್ರಿಟನ್ನಿನ ಜಾಗ್ವಾರ್ ಇ-ಟೈಪ್ ರಂಗಕ್ಕಿಳಿದಿತ್ತು. ಫೆರಾರಿಯ ಹಿಂದಿನ ೨೫೦ ಜಿಟಿ ಕಾರಿಗೆ ಶಕ್ತಿಯ ಕೊರತೆಯಿರಲಿಲ್ಲ. ಆದರೆ ಅದರ ಮೊಂಡು ಮೂತಿ ವೇಗ ಏರಿದಂತೆಲ್ಲ ಗಾಳಿಯೊಡನೆ ಗುದ್ದಾಡುತ್ತಿತ್ತು. ಇಂಜಿನಿಯರ್ ಜೊತ್ತೊ ಬಿಜ್ಜರೀನಿ ಮೂತಿಯನ್ನು ತಗ್ಗಿಸಿ ಚೂಪಾಗಿಸಿದರು. ಇಂಜಿನ್ನಿನ ಅಡಿಯಲ್ಲಿದ್ದ ತೈಲದ ತೊಟ್ಟಿಯನ್ನು ಬೇರೆಡೆಗೆ ಸಾಗಿಸಿ, ಮೂರು ಲೀಟರಿನ ಆ ಹನ್ನೆರಡು ಸಿಲಿಂಡರುಗಳ ಯಂತ್ರವನ್ನು ಇನ್ನಷ್ಟು ಕೆಳಕ್ಕೆ, ಹಿಂದಕ್ಕೆ ಸರಿಸಿದರು. ಅದೇ ವರ್ಷ ಮೋಂಜಾ ಪಥದಲ್ಲಿ ಓಡಿದ ಪ್ರಯೋಗದ ಕಾರಿಗೆ ದೊರೆತ ಅಡ್ಡಹೆಸರೇನು ಗೊತ್ತೇ? 'ರಾಕ್ಷಸ'! ಕಲೆಯ ಮೊದಲ ದರ್ಶನ ಹೀಗಿತ್ತು.

ವರ್ಷಾಂತ್ಯದಲ್ಲಿ ಒಳಜಗಳದಿಂದ ಬಿಜ್ಜರೀನಿ ಸಂಸ್ಥೆಯನ್ನು ತೊರೆದರು. ಅರ್ಧಕ್ಕೆ ನಿಂತ ಕೆಲಸ ೨೬ ವರ್ಷದ ಮೌರೊ ಫೋರ್ಗಿಯೇರಿ ಮತ್ತು ಮೈಕಟ್ಟಿನ ನಿಪುಣ ಸೆರ್ಜಿಯೊ ಸ್ಕಾಲ್ಯೆಟ್ಟಿಯವರ ಪಾಲಾಯಿತು. ೧೯೬೨ರ ಫೆಬ್ರವರಿಯಲ್ಲಿ ಪತ್ರಕರ್ತರೆದುರು ನಿಂತ ಕಾರಿನ ಹಿಂಬದಿಯಲ್ಲಿ ಇಂದು ಎಲ್ಲರೂ ಕೊಂಡಾಡುವ ಆ ಮೇಲೆದ್ದ ಅಂಚು ಇರಲೇ ಇಲ್ಲ. ವೇಗದಲ್ಲಿ ಹಿಂಭಾಗ ನೆಲಕ್ಕೆ ಕಚ್ಚಿಕೊಳ್ಳಲೆಂದು ಅದನ್ನು ಬೇರೆ ಪಟ್ಟಿಯಾಗಿ ಆಮೇಲೆ ಜೋಡಿಸಿದರು. ಮುಂದಿನ ಕಾರುಗಳಲ್ಲಿ ಅದು ಮೈಯಲ್ಲೇ ಬೆರೆಯಿತು. ಮುಂಚಕ್ರದ ಹಿಂದಿನ ಗಾಳಿಕಿಂಡಿಗಳು ಕೆಲವು ಕಾರುಗಳಲ್ಲಿ ಎರಡಾದರೆ, ಕೆಲವುಗಳಲ್ಲಿ ಮೂರು. ಮೋಡೆನಾದ ಕಾರ್ಯಾಗಾರದಲ್ಲಿ ಅಲ್ಯೂಮಿನಿಯಂ ಹಾಳೆಗಳನ್ನು ಕೈಯಿಂದಲೇ ಬಡಿದು ಬಾಗಿಸುತ್ತಿದ್ದುದರಿಂದ ಒಂದರಂತೆ ಇನ್ನೊಂದಿಲ್ಲ. ಸುತ್ತಿಗೆ ಹಿಡಿದ ಆ ಕೈಗಳ ಹೆಸರನ್ನು ಹೇಳುವವರು ಎಷ್ಟು ಮಂದಿ?

ಹೆಸರಿನಲ್ಲಾದರೂ ಕಲೆಯುಂಟೇ? ಜಿಟಿಓ ಎಂದರೆ 'ಮಾನ್ಯತೆ ಪಡೆದ ಗ್ರ್ಯಾಂಡ್ ಟೂರಿಂಗ್ ಕಾರು', ಅಷ್ಟೇ. ಮಾನ್ಯತೆಗೆ ನೂರು ಕಾರುಗಳು ಬೇಕಿದ್ದವು. ತಯಾರಾದವು ನಲವತ್ತನ್ನೂ ಮುಟ್ಟಲಿಲ್ಲ. ಹಳೆಯ ೨೫೦ ಜಿಟಿಯ ಮುಂದುವರಿಕೆಯೆಂದು ವಾದಿಸಿ ಮಾನ್ಯತೆ ಗಿಟ್ಟಿಸಿದರು. ಹೀಗೆ ನಿಯಮದ ಸಂದಿಯಲ್ಲಿ ತೂರಿ ಬಂದ ಕಾರು ೧೯೬೨ರಿಂದ ೧೯೬೪ರವರೆಗೆ ಮೂರು ವರ್ಷ ತನ್ನ ವರ್ಗದ ಚಾಂಪಿಯನ್ ಪಟ್ಟವನ್ನು ಬಿಟ್ಟುಕೊಡಲಿಲ್ಲ.

ಇನ್ನು ಪ್ರಬಲವಾದ ಸಾಕ್ಷಿ ೧೯೬೪ರದು. ಆ ವರ್ಷ ಪಿನಿನ್‌ಫರೀನಾ ಹೊಸದೊಂದು ಮೈಕಟ್ಟನ್ನು ರೂಪಿಸಿದಾಗ, ಹೊಸ ಕಾರುಗಳಿಗಷ್ಟೇ ಅಲ್ಲ, ಹಳೆಯ ಕೆಲವು ಕಾರುಗಳ ಮೈಯನ್ನೂ ಕಳಚಿ ಅದನ್ನೇ ತೊಡಿಸಿದರು. ಯಾವ ರೂಪಕ್ಕೆ ನ್ಯಾಯಾಲಯ ಕಲೆಯೆಂಬ ಕಿರೀಟವಿಟ್ಟಿತೋ, ಅದನ್ನು ಅದರ ಒಡೆಯರೇ ಎರಡು ವರ್ಷಗಳಲ್ಲಿ ಹಳೆಯ ಅಂಗಿಯಂತೆ ಬಿಚ್ಚಿ ಎಸೆದಿದ್ದರು! ಕಲಾವಿದನಾದವನು ತನ್ನ ಶಿಲ್ಪದ ಮುಖವನ್ನು ಪಂದ್ಯ ಗೆಲ್ಲಲೆಂದು ಕೆತ್ತಿ ತೆಗೆಯುತ್ತಾನೆಯೇ?

'ಹೇಗೆ ಹುಟ್ಟಿದರೇನು, ಚೆಲುವಾಗಿದೆಯಲ್ಲ?' ಎಂದು ನೀವು ಕೇಳಬಹುದು. ಚೆಲುವನ್ನು ನಾನು ಅಲ್ಲಗಳೆಯುತ್ತಿಲ್ಲ. ಚಿತ್ರ ನೋಡಿದಾಗ ನನ್ನ ಕಣ್ಣೂ ಅರಳುತ್ತದೆ. ೨೦೧೮ರ ಹರಾಜಿನಲ್ಲಿ ಇಂಥದೊಂದು ಕಾರು ೪.೮೪ ಕೋಟಿ ಡಾಲರಿಗೆ ಮಾರಾಟವಾಯಿತು. ಆದರೆ ಚೆಲುವಿನ ಮೂಲವನ್ನು ತಪ್ಪಾಗಿ ಹೇಳುವುದು ಸಣ್ಣ ಅಪರಾಧವಲ್ಲ. ದಶಕಗಳ ಕಾಲ ಉತ್ತರಪತ್ರಿಕೆ ತಿದ್ದಿದವನಾಗಿ ಬಲ್ಲೆ: ಸುಂದರವಾದದ್ದೆಲ್ಲ ಆಕಾಶದಿಂದ ಉದುರುತ್ತದೆಂದು ನಂಬಿದ ಮಗು, ತನ್ನ ಮೊದಲ ಬರಹ ವಕ್ರವಾದೊಡನೆ ಲೇಖನಿಯನ್ನೇ ಕೆಳಗಿಡುತ್ತದೆ. 'ರಾಕ್ಷಸ'ನೇ ತಿದ್ದಿಸಿಕೊಂಡು ಸುಂದರಾಂಗನಾದ ಕಥೆಯನ್ನು ಅಂಥ ಮಗುವಿಗೆ ಹೇಳಬೇಕು. ಕಲೆಯ ಬಿರುದು ಆ ಕಥೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತದೆ. ಜಿಟಿಓಗೆ ಸಲ್ಲಬೇಕಾದ ಗೌರವ ಅದಕ್ಕಿಂತ ದೊಡ್ಡದು.