ಸೈಲೆನ್ಸರ್ ಬಿಚ್ಚಬೇಡಿ, ಟೈರಿನ ಗಾಳಿ ಬಿಡಿ

ಗಣೇಶನ ಹಬ್ಬಕ್ಕೆ ನಿಧಾನ ಸೈಕಲ್ ಸ್ಪರ್ಧೆ ಇಡುತ್ತಿದ್ದದ್ದು ನೆನಪಿದೆಯಾ? ಕೊನೆಗೆ ಬಂದವನೇ ಗೆದ್ದವನು. ಕಾಲು ನೆಲಕ್ಕೆ ತಾಗಿದರೆ ಔಟ್. ಬಹುಮಾನಕ್ಕೆ ಒಂದು ಪ್ಲಾಸ್ಟಿಕ್ ಬಕೆಟ್ಟು. ಈಗ ಅದೇ ಹಬ್ಬದ ರಾತ್ರಿ ಹುಡುಗರು ಸೈಲೆನ್ಸರ್ ಬಿಚ್ಚಿದ ಬೈಕಿನಲ್ಲಿ ಮುಂದಿನ ಚಕ್ರ ಎತ್ತಿಕೊಂಡು ಬಸ್‌ಸ್ಟ್ಯಾಂಡ್ ಮುಂದೆ ಹೋಗುತ್ತಾರೆ. ನಾವೇ ನಿಂತು ಸಿಳ್ಳೆ ಹಾಕುತ್ತೇವೆ. ಆಮೇಲೆ ಯಾವುದೋ ಒಂದು ಮನೆಯ ಮುಂದೆ ಶಾಮಿಯಾನ ಬಿದ್ದಾಗ "ಹುಡುಗ ಒಳ್ಳೆಯವನು ಪಾಪ" ಅಂತೇವೆ.

ಬೈಕು ಅಂದರೆ ಸ್ಪೀಡು, ಸ್ಪೀಡು ಅಂದರೆ ಗಂಡಸುತನ ಅಂತ ಈ ಹುಡುಗರಿಗೆ ಹೇಳಿಕೊಟ್ಟವರು ಯಾರು? ಬೈಕನ್ನು ನಮಗೆ ಕೊಟ್ಟ ದೇಶದಲ್ಲೇ ಇದಕ್ಕೆ ಉಲ್ಟಾ ಆದ ಒಂದು ಆಟ ನೂರು ವರ್ಷದಿಂದ ನಡೆಯುತ್ತಿದೆ. ಹೆಸರು ಟ್ರಯಲ್ಸ್. ಬ್ರಿಟನ್ನಿನ ಹಳ್ಳಿಗಳಲ್ಲಿ ಶನಿವಾರ, ಭಾನುವಾರ ಕಲ್ಲು ತುಂಬಿದ ಹಳ್ಳ, ಕೆಸರಿನ ಏರು, ಮರದ ಬೇರುಗಳ ನಡುವೆ ಗುರುತು ಹಾಕಿ ದಾರಿ ಮಾಡುತ್ತಾರೆ. ಅಂಥ ಒಂದೊಂದು ತುಂಡು ದಾರಿಗೆ ಸೆಕ್ಷನ್ ಅನ್ನುತ್ತಾರೆ. ಅದರೊಳಗೆ ಕಾಲು ಊರದೆ ದಾಟಿದರೆ ಸೊನ್ನೆ. ಒಂದು ಸಲ ಊರಿದರೆ 1, ಎರಡು ಸಲಕ್ಕೆ 2, ಅದಕ್ಕಿಂತ ಎಷ್ಟೇ ಊರಿದರೂ 3. ಬಿದ್ದರೆ, ಗುರುತು ಬಿಟ್ಟು ಹೊರಗೆ ಹೋದರೆ 5. ಹಳೇ ಬೈಕುಗಳ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ನಿಂತುಬಿಟ್ಟರೂ 5. ಕಡಿಮೆ ಅಂಕದವನು ಗೆದ್ದ. ಸೆಕ್ಷನ್ ಒಳಗಿನ ವೇಗ ಮನುಷ್ಯ ನಡೆಯುವಷ್ಟು.

ಇದೇನು ಹೊಸ ಫ್ಯಾಷನ್ ಅಲ್ಲ. ಸ್ಕಾಟ್ಲೆಂಡಿನ ಆರು ದಿನದ ಟ್ರಯಲ್ಸ್ 1909ರಲ್ಲಿ ಐದು ದಿನದ ಸ್ಪರ್ಧೆಯಾಗಿ ಶುರುವಾಯಿತು. ಅದನ್ನು 1952ರಲ್ಲಿ ಮತ್ತು 1957ರಲ್ಲಿ ಗೆದ್ದ ಜಾನಿ ಬ್ರಿಟನ್ ಓಡಿಸಿದ್ದು 350 ಸಿಸಿ ರಾಯಲ್ ಎನ್‌ಫೀಲ್ಡ್ ಬುಲೆಟ್. ಹೌದು, ನಿಮ್ಮೂರಿನ ಗೌಡರ ಮನೆ ಮುಂದೆ ನಿಂತಿರುತ್ತಿತ್ತಲ್ಲ, ಅದೇ ಕುಲದ ಬುಲೆಟ್. ಅದನ್ನು ಡುಗು ಡುಗು ಸದ್ದಿಗೆ, ಗತ್ತಿಗೆ ಮಾತ್ರ ಇಟ್ಟುಕೊಂಡವರು ನಾವು. ಅದು ಹೆಸರು ಮಾಡಿದ್ದು ಕಲ್ಲಿನ ಮೇಲೆ ಮೆಲ್ಲಗೆ ಹತ್ತಿ.

ನಮ್ಮಲ್ಲಿ ನಾಲ್ವರು ಕಳೆದ ಬೇಸಿಗೆಯಲ್ಲಿ ಈ ಆಟಕ್ಕೆ ತಯಾರಾಗಿ ನೋಡಿದೆವು. ಬೈಕು, ಒಬ್ಬರ ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಹುಲ್ಲಿನಡಿ ಮಲಗಿದ್ದ ಯೆಜ್ಡಿ, ನಮ್ಮ ಮೈಸೂರಿನಲ್ಲೇ ತಯಾರಾದದ್ದು. ಮೊದಲ ಸಲ ಇಳಿಯುವವನಿಗೆ ಏನೇನು ಬೇಕು ಎಂದು ಕೇಳಿದರೆ ಪೇಟೆಯ ಬೈಕ್ ಪಂಡಿತರು ಒಂದು ಪಟ್ಟಿ ಕೊಟ್ಟರು: ಜಾಕೆಟ್ಟು, ಬೂಟು, ಕ್ಯಾಮೆರಾ, ವಿದೇಶಿ ಶಾಕ್ ಅಬ್ಸಾರ್ಬರ್. ಆ ದುಡ್ಡಿಗೆ ಒಂದು ಹಸು ಬರುತ್ತದೆ. ನಾವು ಹೇಳುತ್ತೇವೆ ಕೇಳಿ, ತಯಾರಿಯಲ್ಲಿ ಮುಕ್ಕಾಲು ಭಾಗ ಕೊಳ್ಳುವುದಲ್ಲ, ಕಳಚುವುದು. ಹೆಡ್‌ಲೈಟು, ಕನ್ನಡಿ, ಇಂಡಿಕೇಟರ್, ಮುರಿಯುವಂಥದ್ದೆಲ್ಲ ಹೊರಗೆ. ಮುಂದಿನ ಸ್ಪ್ರಾಕೆಟ್ಟಿಗೆ ಹಲ್ಲು ಕಡಿಮೆ ಮಾಡಿದರೆ ಬೈಕು ಇನ್ನೂ ನಿಧಾನ ಹೋಗುತ್ತದೆ, ಎಳೆತ ಹೆಚ್ಚುತ್ತದೆ. ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಟ್ಟು ಒಂದೇ ಬೆರಳಿಗೆ ಬಗ್ಗುವಂತೆ ಮಾಡಿಕೊಳ್ಳಬೇಕು, ಇಡೀ ದಿನ ದುಡಿಯುವುದು ಆ ಬೆರಳೇ. ಬಿದ್ದಾಗ ಮುರಿಯದೆ ತಿರುಗಿಕೊಳ್ಳಲಿ ಎಂದು ಹ್ಯಾಂಡಲ್ ಮೇಲಿನ ಲಿವರುಗಳನ್ನು ಪೂರ್ತಿ ಬಿಗಿ ಮಾಡುವುದಿಲ್ಲ. ಯೆಜ್ಡಿಯಲ್ಲಿ ಕಿಕ್ಕರೇ ಗೇರ್ ಲಿವರ್ ಆದ್ದರಿಂದ ಏರಿನ ಮಧ್ಯೆ ಎಂಜಿನ್ ಆರಿದರೆ ಕಥೆ ಮುಗಿಯಿತು. ಐಡಲಿಂಗ್ ಸರಿಯಾಗಿ ಕೂರಿಸಲು ನಮಗೆ ಎರಡು ಸಂಜೆ ಹಿಡಿಯಿತು.

ಟೈರಿನ ಗಾಳಿಯ ವಿಷಯ ಕೇಳಿದರೆ ಪಂಕ್ಚರ್ ಅಂಗಡಿಯವನು ನಗುತ್ತಾನೆ. ರಸ್ತೆಗೆ 25, 30 ಇರುವ ಒತ್ತಡ ಟ್ರಯಲ್ಸ್ ಟೈರಿನಲ್ಲಿ 5ರ ಆಸುಪಾಸಿಗೆ ಇಳಿಯುತ್ತದೆ. ಟೈರು ಕಲ್ಲನ್ನು ಅಂಗೈಯಂತೆ ಹಿಡಿಯಲಿ ಅಂತ. ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಬಾಯಿ ಕಿತ್ತುಹೋಗದಂತೆ ಒಳಗೆ ಹಿಡಿ ಬೋಲ್ಟ್ ಹಾಕಬೇಕು. ಸಾದಾ ಟೈರಿನಲ್ಲಿ ಇಷ್ಟು ಇಳಿಸಬೇಡಿ, ಇಳಿಸಿಕೊಂಡು ಡಾಂಬರಿಗಂತೂ ಹೋಗಲೇಬೇಡಿ. ಹೆಲ್ಮೆಟ್ ಕಡ್ಡಾಯ. ಗಟ್ಟಿ ಬೂಟು, ಒಂದು ಸ್ಪೇರ್ ಪ್ಲಗ್, ಕ್ಲಚ್ ಕೇಬಲ್, ನೀರು, ಬುತ್ತಿ.

ಇಷ್ಟಾದ ಮೇಲೆ ಒಣಗಿದ ಹಳ್ಳದಲ್ಲಿ ಸುಣ್ಣ ಹಾಕಿ ಇಳಿದೆವು. ನಾಲ್ವರಿಗೂ ಮೊದಲ ಸೆಕ್ಷನ್ನಿನಲ್ಲೇ ಐದೈದು. ತಪ್ಪು ಬೈಕಿನದಲ್ಲ. ನಾವು ಮುಂದಿನ ಚಕ್ರವನ್ನೇ ನೋಡುತ್ತಿದ್ದೆವು, ಹೆದರಿದ ಕೂಡಲೇ ಆಕ್ಸಿಲರೇಟರ್ ತಿರುವುತ್ತಿದ್ದೆವು. ಅನುಭವಿಗಳು ಮೊದಲು ಸೆಕ್ಷನ್ನನ್ನು ನಡೆದು ನೋಡುತ್ತಾರಂತೆ, ಯಾವ ಕಲ್ಲು ಅಲುಗುತ್ತದೆ ಎಂದು ಕಾಲಲ್ಲಿ ಒತ್ತಿ ನೋಡುತ್ತಾರಂತೆ. ನಮಗೆ ಇಳಿದು ನಡೆಯುವುದೇ ಅವಮಾನ ಅನ್ನಿಸಿತ್ತು! ಅದೇ ಹೊತ್ತಿಗೆ ಡೈರಿಗೆ ಹೊರಟ ಹಿರಿಯರೊಬ್ಬರು ಎರಡು ಹಾಲಿನ ಕ್ಯಾನು ಹೇರಿಕೊಂಡು ಟಿವಿಎಸ್‌ನಲ್ಲಿ ಆ ಹಳ್ಳ ದಾಟಿದರು. ಕಾಲು ಊರಲಿಲ್ಲ. "ಏನ್ರಪ್ಪಾ, ಗಾಡಿ ಕೆಟ್ಟೋಯ್ತಾ?" ಅಂತ ಕೇಳಿ ಹೋದರು.

ಇದು ಬಡವರ ಆಟ ಎಂದು ನಾವು ಸುಳ್ಳು ಹೇಳುವುದಿಲ್ಲ. 1965ಕ್ಕೆ ಮುಂಚಿನ ಬೈಕುಗಳ ವಿಭಾಗದಲ್ಲಿ ಅಲ್ಲಿಯೂ ದುಡ್ಡಿದ್ದವರು ಹೊಸ ಬಿಡಿಭಾಗ ಹಾಕಿ ಹೊರಗೆ ಮಾತ್ರ ಹಳೆಯದರಂತೆ ಕಾಣಿಸುವ ಬೈಕು ತರುತ್ತಾರೆ, ಅದರ ಜಗಳ ಅಲ್ಲಿ ಹಳೆಯದು. ಆದರೂ ಹೊಸಬರಿಗೆ ಅದೇ ಹಳ್ಳದಲ್ಲಿ ಸುಲಭದ ದಾರಿ ಬೇರೆ ಗುರುತು ಹಾಕಿಟ್ಟಿರುತ್ತಾರೆ. ಅಂಕ ಬರೆಯುವವರು ಮಳೆಯಲ್ಲಿ ನಿಂತು ಸಂಬಳವಿಲ್ಲದೆ ಬರೆಯುತ್ತಾರೆ. ಸೈಲೆನ್ಸರ್ ಸದ್ದು ಮಾಡಿದರೆ ಮುಂದಿನ ವರ್ಷ ರೈತ ಜಮೀನು ಕೊಡುವುದಿಲ್ಲ ಎಂಬ ಭಯ ಎಲ್ಲರಿಗೂ ಇರುತ್ತದೆ. ನಮ್ಮಲ್ಲಿ ಹಳೇ ಯೆಜ್ಡಿ, ಬುಲೆಟ್ ಗತಿ ಏನಾಗುತ್ತಿದೆ? ಒಂದೋ ಗುಜರಿಗೆ, ಇಲ್ಲವೇ ಪಟ್ಟಣದ ಯಾರದೋ ಷೋಕೇಸಿಗೆ.

"ನಿಧಾನ ಹೋದರೆ ನೋಡೋಕೆ ಯಾರು ಬರ್ತಾರೆ?" ಎಂದು ಒಂದು ಜಾತ್ರೆ ಕಮಿಟಿಯವರು ನಮ್ಮನ್ನು ಕೇಳಿದರು. ಜನ ಬರುವುದು ಯಾರಾದರೂ ಬೀಳಲಿ ಅಂತ ಆದರೆ ಅಂಥ ಜನ ಯಾಕೆ ಬೇಕು ಸ್ವಾಮಿ? ಆ ಕಮಿಟಿ ಮಣ್ಣಿನ ರೇಸಿಗೆ ಟ್ರ್ಯಾಕ್ ಮಾಡಲು ಜೆಸಿಬಿ ಕರೆಸಿತ್ತು. ಟ್ರಯಲ್ಸಿಗೆ ಜೆಸಿಬಿ ಬೇಡ. ಹಗ್ಗ, ಸುಣ್ಣ, ಜಮೀನಿನವರ ಒಪ್ಪಿಗೆ, ಪೊಲೀಸರಿಗೆ ಒಂದು ಅರ್ಜಿ, ಹತ್ತಿರದಲ್ಲಿ ಒಂದು ಆಂಬ್ಯುಲೆನ್ಸ್, ಅಂಕ ಹಾಕಲು ಹತ್ತು ಜನ. ಆ ಹತ್ತರಲ್ಲಿ ನಾವು ನಾಲ್ವರು ಇದ್ದೇವೆ, ಊಟದ ಖರ್ಚೂ ನಮ್ಮದೇ. ಹಾಲಿನ ಕ್ಯಾನಿನ ಹಿರಿಯರನ್ನೂ ಕರೆಯಿರಿ. ಬಹುಮಾನಕ್ಕೆ ಬಕೆಟ್ಟೇ ಇರಲಿ.